ಕಣ್ಣಿನೊಳಗೆ ಉಳಿದ ಸಾರುವೆ

2023ರ ಗಣೇಶ ಚೌತಿಯ ರಜೆ ಮುಗಿದು ಶಾಲೆ ತೆರೆದ ದಿನ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯ ಮೊಬೈಲನ್ನು ಹಿಡಿದುಕೊಂಡು ಬಂದು, ನಾಲ್ಕು ತಿಂಗಳ ತಮ್ಮನ ಚಿತ್ರವನ್ನು ನನಗೆ ತೋರಿಸಿದಳು. ಗಣಪತಿಯ ಮುಂದೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ ಕೂಸು. ರಾತ್ರಿಯ ಹೊತ್ತು ಬೆಳಕನ್ನು ಮಿಂಚಿಸಿ ತೆಗೆದ ಚಿತ್ರವಾದುದರಿಂದ ಮಗುವಿನ ಬಲಗಣ್ಣಿನ ಪಾಪೆ ಕೆಂಪಗೆ ಹೊಳೆದಿತ್ತು. ಎಡಗಣ್ಣಿನದು ಮಾತ್ರ ಒಡೆದ ತೆಂಗಿನಕಾಯಿಯ ತಿರುಳಿನಂತೆ ಬೆಳ್ಳಗಿತ್ತು. "ಅಜ್ಜಿ ಇದನ್ನ ಬೆಕ್ಕಿನ ಕಣ್ಣು ಅಂತಾಳ್ರಿ ಸರ್, ಹೌದೇನ್ರಿ?" ಎಂದು ಹುಡುಗಿ ಕೇಳಿದಳು. ಹಾಜರಿ ತೆಗೆದುಕೊಳ್ಳುವ ಅವಸರದಲ್ಲಿದ್ದ ನಾನು, "ಕ್ಯಾಮೆರಾದ ದೋಷವಿರಬೇಕಮ್ಮ" ಎಂದು ಹೇಳಿ ಅವಳನ್ನು ಕುಳ್ಳಿರಿಸಿದೆ.

ಮಾಸ್ತರರು ಹೇಳಿದರೆಂದ ಮೇಲೆ ಮನೆಯವರು ಸುಮ್ಮನಾದರು. ದೀಪಾವಳಿಯ ಹೊತ್ತಿಗೆ ಮಗುವಿಗೆ ಜ್ವರ ಬಂದು ನಗರಪಾಲಿಕೆಯ ದವಾಖಾನೆಗೆ ಒಯ್ದಾಗ, ಅಲ್ಲಿಯ ವೈದ್ಯರು ಜ್ವರಕ್ಕೆ ಮದ್ದು ಕೊಟ್ಟು, ಕಣ್ಣನ್ನು ಕಂಡು, ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಚೀಟಿ ಬರೆದರು. ಇಷ್ಟರಲ್ಲಿ ಏಳು ವಾರಗಳು ಕಳೆದುಹೋಗಿದ್ದವು. ಆ ಏಳು ವಾರಗಳ ಬೆಲೆಯೇನೆಂಬುದು ನನಗೆ ಆಮೇಲೆ ತಿಳಿಯಿತು. ನಾನು ವೈದ್ಯನಲ್ಲ, ಮೆಟ್ರಿಕಿನವರೆಗೆ ಕನ್ನಡದಲ್ಲಿಯೇ ಕಲಿತು, ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಕನ್ನಡವನ್ನೂ ಸ್ವಲ್ಪ ವಿಜ್ಞಾನವನ್ನೂ ಕಲಿಸುತ್ತಿರುವ ಶಿಕ್ಷಕ. ಆದರೂ ಈ ವಿಷಯವನ್ನು ನಾನೇ ಬರೆಯಬೇಕೆಂದು ತೋರಿತು. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಕೂಸುಗಳಿವೆ. ತಂದೆತಾಯಿಗಳು ಕೆಲಸಕ್ಕೆ ಹೋದಾಗ ಅವನ್ನು ಎತ್ತಿಕೊಂಡು ಆಡಿಸುವವರು ನೀವು. ಅವುಗಳ ಮುಖವನ್ನು ಹತ್ತಿರದಿಂದ ಹೆಚ್ಚು ಹೊತ್ತು ನೋಡುವವರೂ ನೀವೇ.

ಮೊದಲು ಪಾಪೆಯ ಮಾತು. ಕಣ್ಣಿನ ನಡುವಿನ ಕರಿಯ ವರ್ತುಲವನ್ನು ನಾವು ಪಾಪೆ ಎನ್ನುತ್ತೇವೆ. ಹಳೆಯ ಕನ್ನಡದಲ್ಲಿ ಪಾಪೆ, ಪಾವೆ ಎಂದರೆ ಬೊಂಬೆ. ಎದುರಿಗಿದ್ದವರ ಕಣ್ಣೊಳಗೆ ಇಣಿಕಿದರೆ ನಮ್ಮದೇ ಪುಟ್ಟ ಪ್ರತಿಬಿಂಬವೊಂದು ಬೊಂಬೆಯಂತೆ ಕಾಣುವುದಷ್ಟೆ; ಅದರಿಂದ ಈ ಹೆಸರು ಬಂದಿರಬೇಕು. ಸಂಸ್ಕೃತದ ಕನೀನಿಕಾ ಎಂಬ ಶಬ್ದಕ್ಕೆ ಚಿಕ್ಕ ಹುಡುಗಿ, ಕಣ್ಣಪಾಪೆ ಎಂಬ ಎರಡು ಅರ್ಥಗಳುಂಟು. ಇಂಗ್ಲಿಷಿನ ಪ್ಯೂಪಿಲ್ ಎಂಬುದರ ಮೂಲವಾದ ಲ್ಯಾಟಿನ್ ಶಬ್ದಕ್ಕೂ ಪುಟ್ಟ ಬೊಂಬೆಯೆಂದೇ ಅರ್ಥ. ಮೂರು ಭಾಷೆಗಳವರು ಒಂದೇ ನೋಟವನ್ನು ಕಂಡು ಒಂದೇ ಬಗೆಯ ಹೆಸರನ್ನಿಟ್ಟದ್ದು ಸೊಗಸಾದ ಸಂಗತಿ.

ಈ ಪಾಪೆ ಕಪ್ಪಗೆ ಏಕಿದೆ? ಅಲ್ಲಿ ಕಪ್ಪು ವಸ್ತುವೇನೂ ಇಲ್ಲ. ಅದೊಂದು ರಂಧ್ರ, ಕಿಟಕಿ. ಹಗಲಿನಲ್ಲಿ ಬೀದಿಯಲ್ಲಿ ನಿಂತು ದೀಪವಿಲ್ಲದ ಖೋಲಿಯ ಕಿಟಕಿಯನ್ನು ನೋಡಿದರೆ ಒಳಗೆಲ್ಲ ಕತ್ತಲೆಯೆಂದು ತೋರುವುದಿಲ್ಲವೆ? ಹಾಗೆಯೆ ಇದು. ಕಣ್ಣೊಳಗೆ ಹೋದ ಬೆಳಕು ಹಿಂದಿನ ಗೋಡೆಗೆ ತಾಗಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಅದನ್ನು ಕಾಣಬೇಕಾದರೆ ನೋಡುವವನ ಕಣ್ಣು ದೀಪವಿದ್ದ ಸ್ಥಳದಲ್ಲಿಯೇ ಇರಬೇಕು; ಅಲ್ಲಿ ತಲೆಯನ್ನಿಟ್ಟರೆ ದೀಪಕ್ಕೇ ಅಡ್ಡವಾಗುತ್ತದೆ. ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಗಾಜಿನ ಫಲಕಗಳನ್ನು ಓರೆಯಾಗಿ ಹಿಡಿದು, ಪಕ್ಕದಲ್ಲಿದ್ದ ದೀಪದ ಬೆಳಕು ಅವುಗಳಿಂದ ಪ್ರತಿಫಲಿಸಿ ರೋಗಿಯ ಕಣ್ಣೊಳಗೆ ಹೋಗುವಂತೆ ಮಾಡಿ, ತಾನು ಅದೇ ಗಾಜಿನ ಮೂಲಕ ನೋಡಿದನು. 1851ರಲ್ಲಿ ಅವನು ಪ್ರಕಟಿಸಿದ ಈ ಸರಳ ಉಪಕರಣದಿಂದ ಬದುಕಿರುವ ಮನುಷ್ಯನ ಕಣ್ಣಿನ ಹಿಂಗೋಡೆ ವೈದ್ಯರಿಗೆ ಸ್ಪಷ್ಟವಾಗಿ ಕಾಣಿಸಿತು. ಆ ಗೋಡೆಯಲ್ಲಿ ರಕ್ತವು ತುಂಬಿ ಹರಿಯುವುದರಿಂದ ಹಿಂದಿರುಗುವ ಬೆಳಕು ಕೆಂಪು. ಮೊಬೈಲಿನಲ್ಲಿ ಬೆಳಕನ್ನು ಮಿಂಚಿಸುವ ದೀಪವೂ ಚಿತ್ರ ಹಿಡಿಯುವ ಕಣ್ಣೂ ಒಂದರ ಪಕ್ಕದಲ್ಲಿ ಒಂದಿರುವುದರಿಂದ, ಕತ್ತಲೆಯಲ್ಲಿ ತೆಗೆದ ಚಿತ್ರಗಳಲ್ಲಿ ನಮ್ಮ ಕಣ್ಣುಗಳು ಕೆಂಪಗೆ ಕಾಣುವುದುಂಟು. ಆ ಕೆಂಪು ನೋಡಲು ಚೆನ್ನಾಗಿರದಿದ್ದರೂ ಒಳ್ಳೆಯ ಲಕ್ಷಣ. ಕಿಟಕಿಯಿಂದ ಹಿಂಗೋಡೆಯವರೆಗೆ ದಾರಿ ನಿರ್ಮಲವಾಗಿದೆಯೆಂದು ಅದರ ಅರ್ಥ. ಬಿಳುಪಾಗಿ ಕಂಡರೆ ದಾರಿಯಲ್ಲಿ ಏನೋ ಅಡ್ಡ ನಿಂತಿರಬಹುದು.

ಆ ಮಗುವಿನ ಕಣ್ಣಿನಲ್ಲಿ ಅಡ್ಡ ನಿಂತದ್ದೇನು? ಇದನ್ನು ತಿಳಿದದ್ದು ಆಸ್ಪತ್ರೆಯಲ್ಲಿ. ಮಗುವಿನ ತಾಯಿಗೆ ಕನ್ನಡವೊಂದೇ ಬರುತ್ತಿದ್ದುದರಿಂದ ದುಭಾಷಿಯಾಗಿ ನಾನೂ ಜೊತೆಗೆ ಹೋಗಿದ್ದೆ. ಕಣ್ಣಿಗೆ ಹನಿ ಹಾಕಿ, ದೀಪ ಹಿಡಿದು ನೋಡಿ, ಆಮೇಲೆ ಶಬ್ದದ ಅಲೆಗಳಿಂದ ಒಳಗಿನ ಚಿತ್ರವನ್ನು ಬಿಡಿಸುವ ಯಂತ್ರವನ್ನು ರೆಪ್ಪೆಯ ಮೇಲಿಟ್ಟು ಪರೀಕ್ಷಿಸಿದ ವೈದ್ಯೆಯು ಇಂಗ್ಲಿಷಿನಲ್ಲಿ ಒಂದು ಉದ್ದವಾದ ಹೆಸರು ಹೇಳಿದರು. ನಾನು ಎರಡು ಸಾರಿ ಕೇಳಿದೆ. ಮೂರನೆಯ ಸಾರಿ ಆಕೆ ಕಾಗದದ ಮೇಲೆ ಕಣ್ಣಿನ ಚಿತ್ರವನ್ನು ಬರೆದು ತೋರಿಸಿದರು. ಗರ್ಭದಲ್ಲಿರುವಾಗ ಎಲ್ಲ ಮಕ್ಕಳ ಕಣ್ಣಿನೊಳಗೂ ಒಂದು ರಕ್ತನಾಳವಿರುತ್ತದೆ. ಹುಟ್ಟುವ ಮೊದಲೇ ಅದು ಇಲ್ಲವಾಗುತ್ತದೆ. ಈ ಮಗುವಿನಲ್ಲಿ ಅದು ಹೋಗಿಲ್ಲ, ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಲು ತಡವರಿಸುತ್ತಿರುವಾಗ, ಕಟ್ಟಡದ ಕೆಲಸ ಮಾಡುವ ಮಗುವಿನ ತಂದೆ ಚಿತ್ರವನ್ನು ನೋಡುತ್ತ, "ಹಂಗಾರ ಬಿಲ್ಡಿಂಗ್ ಮುಗದದ, ಪರಾಂಚಿ ಬಿಚ್ಚಿಲ್ಲ ಅಂದಂಗಾತು" ಎಂದನು. ಮುಂಬಯಿಯಲ್ಲಿ ಪರಾಂಚಿ ಎನ್ನುವುದನ್ನೇ ನಮ್ಮ ಕಡೆಯಲ್ಲಿ ಸಾರುವೆ ಎನ್ನುವುದು, ಕಟ್ಟಡಕ್ಕೆ ಸುತ್ತಲೂ ಕಟ್ಟುವ ಬಿದಿರಿನ ಅಟ್ಟ. ನಾನು ಆ ಮಾತನ್ನು ವೈದ್ಯೆಗೆ ತಿಳಿಸಿದೆ. ಆಕೆ ನಕ್ಕು, ಇಷ್ಟು ಚೆನ್ನಾಗಿ ತಾನೂ ಹೇಳಿರಲಿಲ್ಲವೆಂದರು.

ಈ ಸಾರುವೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗರ್ಭ ನಿಂತ ನಾಲ್ಕನೆಯ ವಾರದ ಹೊತ್ತಿಗೆ ಮಿದುಳಿನಿಂದ ಎರಡು ಮೊಗ್ಗುಗಳು ಹೊರಟು, ತುದಿಯಲ್ಲಿ ಒಳಕ್ಕೆ ಬಾಗಿ ಬಟ್ಟಲಿನ ಆಕಾರ ತಾಳುತ್ತವೆ. ಈ ಬಟ್ಟಲೇ ಮುಂದೆ ಅಕ್ಷಿಪಟಲ, ಎಂದರೆ ಬೆಳಕನ್ನು ಗ್ರಹಿಸುವ ಹಿಂಗೋಡೆಯಾಗುತ್ತದೆ. ಬಟ್ಟಲಿನ ಬಾಯಿಯಲ್ಲಿ ಚರ್ಮದಿಂದ ಬೇರ್ಪಟ್ಟ ಒಂದು ಗುಳ್ಳೆ ಕುಳಿತು ಮಸೂರವಾಗುತ್ತದೆ. ಹೀಗೆ ಬೆಳೆಯುತ್ತಿರುವ ಮಸೂರಕ್ಕೆ ಆಹಾರ ಬೇಕಷ್ಟೆ. ಬಟ್ಟಲಿನ ತಳದಲ್ಲಿ ಒಂದು ಸೀಳು ಇರುತ್ತದೆ. ಅದರ ಮೂಲಕ ಒಂದು ಧಮನಿಯು ಒಳಹೊಕ್ಕು, ಕಣ್ಣಿನ ನಡುವೆ ನೆಟ್ಟಗೆ ಹಾಯ್ದು, ಮಸೂರದ ಬೆನ್ನನ್ನು ಮುಟ್ಟಿ, ಮಾವಿನಹಣ್ಣಿಗೆ ಬಲೆಯ ಚೀಲ ಹಾಕಿದಂತೆ ಅದರ ಸುತ್ತಲೂ ಸಣ್ಣ ನಾಳಗಳ ಜಾಲವನ್ನು ಹೆಣೆಯುತ್ತದೆ. ಆರೇಳು ವಾರಗಳಲ್ಲಿ ಸೀಳು ಮುಚ್ಚಿಕೊಂಡು ಧಮನಿ ಒಳಗೆ ಉಳಿಯುತ್ತದೆ. ಹತ್ತನೆಯ ವಾರದ ಸುಮಾರಿಗೆ ಈ ಜಾಲವು ತುಂಬು ಪ್ರಾಯದಲ್ಲಿರುತ್ತದೆ. ಬಿದಿರಿನ ಸಾರುವೆ ಕಟ್ಟಡಕ್ಕೆ ಅನ್ನ ಕೊಡುವುದಿಲ್ಲ, ಇದು ಕೊಡುತ್ತದೆ; ಉಪಮೆ ಅಲ್ಲಿಗೆ ನಿಲ್ಲುತ್ತದೆ.

ಆದರೆ ಕಣ್ಣು ಕೈಕಾಲುಗಳಂತಹ ಅಂಗವಲ್ಲ. ರಕ್ತವಿರುವ ಕಡೆ ಬೆಳಕು ಸ್ವಚ್ಛವಾಗಿ ಹಾಯಲಾರದು. ಆದುದರಿಂದ ಬೆಳಕಿನ ದಾರಿಯಲ್ಲಿರುವ ಮಸೂರ, ಮುಂಗಡೆಯ ಪಾರದರ್ಶಕ ಪೊರೆ, ನಡುವಿನ ಗಾಜಿನಂತಹ ಲೋಳೆ ಇವು ಯಾವುವೂ ರಕ್ತನಾಳಗಳನ್ನು ಇಟ್ಟುಕೊಳ್ಳುವಂತಿಲ್ಲ. ಮಸೂರವು ಮುಂದೆ ತನ್ನ ಆಹಾರವನ್ನು ಕಣ್ಣಿನ ಒಳಗೇ ಒಸರುವ ತಿಳಿನೀರಿನಿಂದ ಪಡೆಯಲು ಕಲಿಯುತ್ತದೆ. ಅಷ್ಟಾದ ಮೇಲೆ ನಾಳಕ್ಕೆ ಅಲ್ಲಿ ಕೆಲಸವಿಲ್ಲ. ನಾಲ್ಕನೆಯ ತಿಂಗಳಿನಿಂದ ಜಾಲವು ಬಾಡತೊಡಗುತ್ತದೆ. ಏಳನೆಯ ತಿಂಗಳ ಹೊತ್ತಿಗೆ ನಡುವಿನ ಧಮನಿಯಲ್ಲಿ ರಕ್ತ ಹರಿಯುವುದು ನಿಲ್ಲುತ್ತದೆ. ಒಂಬತ್ತು ತುಂಬಿ ಮಗು ಹುಟ್ಟುವಾಗ ಅಲ್ಲಿ ಏನೂ ಉಳಿದಿರುವುದಿಲ್ಲ. ಅದು ಹಾಯ್ದ ದಾರಿಯ ಗುರುತಾಗಿ ಲೋಳೆಯ ನಡುವೆ ಒಂದು ಸಣ್ಣ ಕೊಳವೆ ಮಾತ್ರ ನಿಮ್ಮ ಕಣ್ಣಿನಲ್ಲಿಯೂ ನನ್ನ ಕಣ್ಣಿನಲ್ಲಿಯೂ ಇದೆ. ಫ್ರಾನ್ಸಿನ ಅಂಗರಚನಾಶಾಸ್ತ್ರಜ್ಞ ಜೂಲ್ ಕ್ಲೋಕೆಯ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಯಾರು ಈ ಸಾರುವೆಯನ್ನು ಬಿಚ್ಚುವವರು? ತಾನಾಗಿಯೇ ಒಣಗಿ ಬೀಳುತ್ತದೆಯೆಂದು ಬಹುಕಾಲ ತಿಳಿದಿದ್ದರು. 1993ರಲ್ಲಿ ರಿಚರ್ಡ್ ಲ್ಯಾಂಗ್ ಮತ್ತು ಮೈಕೆಲ್ ಬಿಷಪ್ ಎಂಬವರು ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಬೇರೆಯ ಸಂಗತಿ ಹೊರಬಿತ್ತು. ನಮ್ಮ ರಕ್ತದಲ್ಲಿ ಕಸವನ್ನೂ ಕ್ರಿಮಿಗಳನ್ನೂ ನುಂಗುವ ದೊಡ್ಡ ಬಿಳಿಯ ಕಣಗಳಿವೆಯೆಂದು ನೀವು ಓದಿದ್ದೀರಿ. ಈ ಕಣಗಳು ಕಣ್ಣಿನಲ್ಲಿ ಇಲ್ಲದಂತೆ ಮಾಡಿದ ಇಲಿಮರಿಗಳಲ್ಲಿ ನಾಳಗಳು ಹೋಗದೆ ಉಳಿದವು. ಹಾಗಾದರೆ ಕಣಗಳು ಸತ್ತದ್ದನ್ನು ಗುಡಿಸುವ ಝಾಡುವಾಲರಷ್ಟೇ ಅಲ್ಲ. ನಾಳದ ಜೀವಕೋಶಗಳಿಗೆ ನೀವಿನ್ನು ಹೊರಡಿರಿ ಎಂದು ಆಜ್ಞೆ ಕೊಡುವವರೂ ಅವರೇ. ಇನ್ನೂ ಆಶ್ಚರ್ಯದ ವಿಷಯವೊಂದು 2013ರಲ್ಲಿ ತಿಳಿಯಿತು. ಬಸುರಿಯಾದ ಇಲಿಗಳನ್ನು ಕಡೆಯ ದಿನಗಳಲ್ಲಿ ಪೂರಾ ಕತ್ತಲೆಯಲ್ಲಿಟ್ಟರೆ, ಅವುಗಳ ಮರಿಗಳ ಕಣ್ಣಿನಲ್ಲಿ ಈ ನಾಳಗಳು ಇರಬೇಕಾದುದಕ್ಕಿಂತ ಹೆಚ್ಚಾಗಿ ಉಳಿದುಕೊಂಡವು. ತಾಯಿಯ ಹೊಟ್ಟೆಯ ಗೋಡೆಯನ್ನು ದಾಟಿ ಬರುವ ಮಂದವಾದ ಬೆಳಕನ್ನು ಇನ್ನೂ ಹುಟ್ಟದ ಮರಿಯ ಕಣ್ಣು ಗುರುತಿಸುತ್ತದೆಯೆಂದು ಇದರಿಂದ ಗೊತ್ತಾಯಿತು. ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ಹಾಗೆಯೆ ಅನ್ವಯಿಸುವಂತಿಲ್ಲ. ಮನುಷ್ಯರಲ್ಲಿ ಮಗು ಗರ್ಭದಲ್ಲಿರುವಾಗಲೇ ನಡೆದುಹೋಗುವ ಕೆಲಸ ಇಲಿಗಳಲ್ಲಿ ಹುಟ್ಟಿದ ಮೇಲೆಯೂ ನಡೆಯುತ್ತಿರುತ್ತದೆ.

ಈ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ಹೇಳುವುದಕ್ಕೆ ಕಾರಣವಿದೆ. ವೈದ್ಯೆಯ ಮಾತೆಲ್ಲ ಮುಗಿದ ಮೇಲೆ, ಅದುವರೆಗೆ ಬಾಯಿ ಬಿಡದಿದ್ದ ಮಗುವಿನ ತಾಯಿ ನನ್ನ ಕಡೆಗೆ ತಿರುಗಿ, "ದೀಪಾವಳಿ ಮರುದಿನ ಗ್ರಹಣ ಹಿಡದಿತ್ತಲ್ರಿ ಮಾಸ್ತರ, ನಾ ಅವತ್ತು ನೀರು ತರಲಾಕ ಹೊರಗ ಹೋಗಿದ್ದೆ. ಅದಕ್ಕ ಹಿಂಗಾತೇನ್ರಿ?" ಎಂದು ಕೇಳಿದಳು. 2022ರ ಅಕ್ಟೋಬರ್ 25ರ ಸಂಜೆಯ ಸೂರ್ಯಗ್ರಹಣವನ್ನು ಆಕೆ ಹೇಳುತ್ತಿದ್ದಳು. ಮಗು ಹುಟ್ಟಿದಂದಿನಿಂದ ಅತ್ತೆಯ ಬಾಯಿಂದ ಆ ಮಾತನ್ನು ಎಷ್ಟು ಸಾರಿ ಕೇಳಿದ್ದಳೋ. ನಾನು ಪ್ರಶ್ನೆಯನ್ನು ವೈದ್ಯೆಗೆ ಅನುವಾದಿಸಿದೆ. ಆಕೆ ನಗಲಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಉಂಡದ್ದರಿಂದ, ನೋಡಿದ್ದರಿಂದ, ನಡೆದದ್ದರಿಂದ ಬಂದುದಲ್ಲ. ಒಂದೇ ಕಣ್ಣಿನಲ್ಲಿರುವ ಇಂತಹ ದೋಷ ಸಾಮಾನ್ಯವಾಗಿ ಮನೆತನದಿಂದ ಇಳಿದು ಬರುವುದೂ ಅಲ್ಲ. ಇದನ್ನು ಮೂರು ಸಾರಿ ಹೇಳಿರಿ, ಎಂದು ನನಗೆ ಆಜ್ಞಾಪಿಸಿದರು. ನಾನು ಮೂರು ಸಾರಿ ಹೇಳಿದೆ. ಮೂರನೆಯ ಸಾರಿ ಹೇಳುವಾಗ ಆ ತಾಯಿ ಅಳುತ್ತಿದ್ದಳು.

ಸಾರುವೆ ಉಳಿಯುವುದರಲ್ಲಿಯೂ ತರತಮಗಳಿವೆ. ನೂರರಲ್ಲಿ ಒಬ್ಬಿಬ್ಬರ ಮಸೂರದ ಬೆನ್ನ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಚುಕ್ಕೆಯೊಂದಿರುತ್ತದೆ. ಧಮನಿಯು ಅಂಟಿಕೊಂಡಿದ್ದ ಸ್ಥಳದ ಕಲೆ ಅದು. ದೃಷ್ಟಿಗೆ ಅದರಿಂದ ಬಾಧೆಯಿಲ್ಲ, ಇದೆಯೆಂದು ಅವರಿಗೆ ತಿಳಿಯುವುದೂ ಇಲ್ಲ. ಕೆಲವರಲ್ಲಿ ಇನ್ನೊಂದು ತುದಿಯಲ್ಲಿ, ದೃಷ್ಟಿನರದ ಮೇಲೆ, ಚಿಕ್ಕ ಕುಚ್ಚೊಂದು ಉಳಿಯುತ್ತದೆ, ಅದೂ ನಿರುಪದ್ರವಿ. ತೊಂದರೆಯಾಗುವುದು ಧಮನಿಯು ಉಳಿಯುವುದಷ್ಟೇ ಅಲ್ಲದೆ, ಅದರ ಸುತ್ತ ನಾರಿನ ಪೊರೆ ಬೆಳೆದಾಗ. ಮಸೂರದ ಹಿಂದೆ ಬಿಳಿಯ ಪೊರೆಯಾದರೆ ಬೆಳಕು ಒಳಗೆ ಹೋಗದು. ಪೊರೆ ಕುಗ್ಗುತ್ತ ಸುತ್ತಲಿನ ಭಾಗಗಳನ್ನು ನಡುವಿಗೆ ಎಳೆಯುತ್ತದೆ, ಮಸೂರವೂ ಮಬ್ಬಾಗಬಹುದು, ಕಣ್ಣೊಳಗಿನ ಒತ್ತಡ ಏರಬಹುದು. ಹಿಂದಿನ ತುದಿಯಲ್ಲಿ ಬೆಳೆದರೆ ಅಕ್ಷಿಪಟಲವನ್ನೇ ಮಡಿಕೆ ಬೀಳುವಂತೆ ಎಳೆಯುತ್ತದೆ. ಇದು ಹೆಚ್ಚು ಕೆಟ್ಟದ್ದು. ಇಂತಹ ಕಣ್ಣು ಸಾಮಾನ್ಯವಾಗಿ ಇನ್ನೊಂದಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದೇ ಕಣ್ಣಿನಲ್ಲಿ ಈ ದೋಷವಿರುತ್ತದೆ. ಅಮೆರಿಕೆಯ ಆಲ್ಗರ್ನನ್ ರೀಸ್ ಎಂಬ ನೇತ್ರವೈದ್ಯರು 1955ರಲ್ಲಿ ಇದನ್ನು ವಿವರವಾಗಿ ವರ್ಣಿಸಿದರು. ನಾನು ಕೇಳಿದ ಆ ಉದ್ದನೆಯ ಹೆಸರು ಮಾರ್ಟನ್ ಗೋಲ್ಡ್‌ಬರ್ಗ್ ಎಂಬವರು 1997ರಲ್ಲಿ ಸೂಚಿಸಿದ್ದು. ಅದರ ಕನ್ನಡ, ಉಳಿದುಕೊಂಡ ಭ್ರೂಣನಾಳಜಾಲ ಎಂದಾಗಬಹುದು. ಪರಾಂಚಿ ಬಿಚ್ಚಿಲ್ಲ ಎಂಬುದೇ ನನಗೆ ಮೇಲೆಂದು ತೋರುತ್ತದೆ.

ರೀಸರ ವರ್ಣನೆ ಏಕೆ ಮುಖ್ಯವಾಯಿತೆಂದರೆ, ಬಿಳಿಯ ಪಾಪೆಗೆ ಇನ್ನೊಂದು ಭಯಂಕರ ಕಾರಣವುಂಟು. ಅಕ್ಷಿಪಟಲದಲ್ಲಿ ಚಿಕ್ಕ ಮಕ್ಕಳಿಗೆ ಬರುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯೂ ಹೊರಗಿನಿಂದ ಹೀಗೆಯೆ ಕಾಣುತ್ತದೆ. ಅದು ಪ್ರಾಣವನ್ನೇ ತೆಗೆಯಬಲ್ಲದು; ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಗುಣವಾಗುತ್ತದೆ. ಒಳಗಿನದನ್ನು ಚಿತ್ರಿಸುವ ಯಂತ್ರಗಳಿಲ್ಲದ ಆ ಕಾಲದಲ್ಲಿ ಗಡ್ಡೆಯೆಂಬ ಸಂಶಯದಿಂದ ಸಾರುವೆಯುಳಿದ ಕಣ್ಣುಗಳನ್ನೂ ಕಿತ್ತು ತೆಗೆದದ್ದುಂಟು. ಈಗ ಗಡ್ಡೆಯಲ್ಲಿ ಸಾಮಾನ್ಯವಾಗಿ ಕಾಣುವ ಸುಣ್ಣದ ಕಣಗಳನ್ನು ಯಂತ್ರದಿಂದ ಗುರುತಿಸುತ್ತಾರೆ. ಕಣ್ಣಿನ ಗಾತ್ರವನ್ನೂ ಅಳೆಯುತ್ತಾರೆ. 1908ರಲ್ಲಿ ಲಂಡನ್ನಿನ ಜಾರ್ಜ್ ಕೋಟ್ಸ್ ವರ್ಣಿಸಿದ ಇನ್ನೊಂದು ರೋಗವಿದೆ. ಅದರಲ್ಲಿ ಅಕ್ಷಿಪಟಲದ ನಾಳಗಳೇ ಉಬ್ಬಿ ಸೋರಿ, ಪಾಪೆ ಹಳದಿಯಾಗಿ ಹೊಳೆಯುತ್ತದೆ. ಹೆಚ್ಚಾಗಿ ಗಂಡುಹುಡುಗರಿಗೆ, ಒಂದೇ ಕಣ್ಣಿಗೆ. ಹುಟ್ಟಿನಿಂದ ಬರುವ ಸಾಮಾನ್ಯ ಪೊರೆಯೂ ಬಿಳುಪಾಗಿ ಕಾಣುತ್ತದೆ. ಕ್ಯಾಮೆರಾವನ್ನು ಓರೆಯಾಗಿ ಹಿಡಿದಾಗ ದೃಷ್ಟಿನರದ ಮೊಗದಿಂದ ಬೆಳಕು ಹಿಂದಿರುಗಿ, ಸರಿಯಾದ ಕಣ್ಣೂ ಒಮ್ಮೊಮ್ಮೆ ಬೆಳ್ಳಗಾಗುವುದುಂಟು. ಇವುಗಳಲ್ಲಿ ಯಾವುದು ಎಂದು ಚಿತ್ರವನ್ನು ನೋಡಿ ಹೇಳುವ ಅಧಿಕಾರ ಅಜ್ಜಿಗೂ ಇಲ್ಲ, ಮಾಸ್ತರರಿಗೂ ಇಲ್ಲ.

ಇದಕ್ಕೆ ನೆರೆಯದಾದ ಇನ್ನೊಂದು ತೊಂದರೆಯನ್ನು ಹೇಳದೆ ಮುಂದೆ ಹೋಗಲಾರೆ. ಅದು ನಮ್ಮ ದೇಶದಲ್ಲಿ ಇಂದು ಬಹಳ ದೊಡ್ಡದು. ನಡುವಿನ ಧಮನಿ ಹೊರಡುವ ಕಾಲದಲ್ಲಿಯೇ ಅಕ್ಷಿಪಟಲಕ್ಕೆ ಬೇಕಾದ ಶಾಶ್ವತ ನಾಳಗಳು ಬೆಳೆಯುತ್ತವೆ. ನಾಲ್ಕನೆಯ ತಿಂಗಳಲ್ಲಿ ದೃಷ್ಟಿನರದಿಂದ ಹೊರಟು ಎಲ್ಲ ಕಡೆಗೂ ಹಬ್ಬುತ್ತ, ಮೂಗಿನ ಕಡೆಯ ಅಂಚನ್ನು ಎಂಟನೆಯ ತಿಂಗಳಿಗೂ ಕಿವಿಯ ಕಡೆಯ ಅಂಚನ್ನು ಒಂಬತ್ತು ತುಂಬುವ ಹೊತ್ತಿಗೂ ಮುಟ್ಟುತ್ತವೆ. ದಿನ ತುಂಬುವ ಮೊದಲೇ ಮಗು ಹುಟ್ಟಿದರೆ ಈ ಪಯಣ ನಡುದಾರಿಯಲ್ಲಿ ನಿಲ್ಲುತ್ತದೆ. ಆಮೇಲೆ ನಾಳಗಳು ದಾರಿ ತಪ್ಪಿ ಅಡ್ಡಾದಿಡ್ಡಿ ಬೆಳೆದು, ಅಕ್ಷಿಪಟಲವನ್ನು ಎಳೆದು ಕಿತ್ತುಬಿಡಬಹುದು. 1942ರಲ್ಲಿ ಬಾಸ್ಟನ್ನಿನ ಥಿಯೊಡೋರ್ ಟೆರಿ ಎಂಬ ವೈದ್ಯರು ಇಂತಹ ಕುರುಡು ಶಿಶುಗಳನ್ನು ಕಂಡು, ಮಸೂರದ ಹಿಂದೆ ಬಿಳಿಯ ಪೊರೆಯನ್ನು ನೋಡಿ, ಗರ್ಭದ ಹಳೆಯ ನಾಳಜಾಲವೇ ಉಳಿದು ಬೆಳೆದಿದೆಯೆಂದು ತಿಳಿದರು. ಅದು ತಪ್ಪಾಗಿತ್ತು, ಹೊಸ ನಾಳಗಳ ಉಪದ್ರವವನ್ನು ಹಳೆಯದರ ತಲೆಗೆ ಕಟ್ಟಿದಂತಾಗಿತ್ತು. ಆ ಶಿಶುಗಳನ್ನು ಬದುಕಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ನಾಳಗಳನ್ನು ಕೆಡಿಸುತ್ತಿದೆಯೆಂಬ ಸಂಶಯವನ್ನು 1951ರಲ್ಲಿ ಮೆಲ್ಬೋರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಪ್ರಕಟಿಸಿದರು. 1953-54ರಲ್ಲಿ ಅಮೆರಿಕೆಯ 18 ಆಸ್ಪತ್ರೆಗಳು ಕೂಡಿ ಪರೀಕ್ಷೆ ಮಾಡಿದಾಗ ಅದು ನಿಜವೆಂದು ಸ್ಥಿರಪಟ್ಟಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿಯನ್ನು ಕಳೆದುಕೊಂಡಿದ್ದರೆಂದು ಲೆಕ್ಕ ಹಾಕುತ್ತಾರೆ. ಆಮ್ಲಜನಕವನ್ನು ಬಹಳ ಕಡಿತ ಮಾಡಿದ್ದರಿಂದ ಮುಂದೆ ಶಿಶುಗಳು ಸತ್ತದ್ದೂ ಉಂಟು. ಅಳತೆ ತಪ್ಪದಂತೆ ಕೊಡುವುದನ್ನು ಕಲಿಯಲು ವರ್ಷಗಳು ಹಿಡಿದವು.

ಇಂದು ನಮ್ಮ ಊರುಗಳ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಒಂದು, ಒಂದೂವರೆ ಕಿಲೋ ತೂಕದ ಮಕ್ಕಳು ಬದುಕುತ್ತಾರೆ. ಇದು ಸಂತೋಷವೇ, ಆದರೆ ಅವರ ಕಣ್ಣುಗಳನ್ನು ನೋಡಬಲ್ಲ ತಜ್ಞರು ಎಲ್ಲ ಕಡೆಗೂ ಇಲ್ಲ. ಈ ಕೊರತೆಗೆ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಒಂದು ಉಪಾಯವನ್ನು ಕಂಡುಕೊಂಡರು. ತರಬೇತಿ ಪಡೆದ ತಂತ್ರಜ್ಞರು ಒಯ್ಯಬಲ್ಲ ಕ್ಯಾಮೆರಾವನ್ನು ಗಾಡಿಯಲ್ಲಿಟ್ಟುಕೊಂಡು ಊರೂರಿನ ನವಜಾತ ಶಿಶುಗಳ ಕೋಣೆಗಳಿಗೆ ಹೋಗಿ, ಅಕ್ಷಿಪಟಲದ ಚಿತ್ರ ತೆಗೆದು, ದೂರದ ತಜ್ಞರಿಗೆ ಅಂತರಜಾಲದ ಮೂಲಕ ಕಳುಹಿಸುತ್ತಾರೆ. ಚೌಕದ ದೀಪಗಳಂತೆ ಹಸಿರು, ಕಿತ್ತಳೆ, ಕೆಂಪು ಎಂದು ಸ್ಥಳದಲ್ಲಿಯೇ ವಿಂಗಡಿಸುವ ಕ್ರಮವೂ ಉಂಟು. ರೋಗ ಏರಿದ್ದರೆ ಲೇಸರ್ ಕಿರಣದಿಂದ ಚಿಕಿತ್ಸೆ ಮಾಡುತ್ತಾರೆ. ನಮ್ಮ ದೇಶದ ನಿಯಮದಂತೆ 34 ವಾರಗಳೊಳಗೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗೆ ತೋರಿಸಬೇಕು. ಇನ್ನೂ ಮೊದಲೇ ಹುಟ್ಟಿದ್ದರೆ ಮತ್ತೂ ಬೇಗ. ಚೊಚ್ಚಲ ಹೆರಿಗೆಗೆಂದು ನಿಮ್ಮ ಅಕ್ಕಂದಿರು, ಅತ್ತಿಗೆಯರು ಊರಿಗೆ ಹೋಗುತ್ತಾರೆ. ಬಾಣಂತಿ ನಲವತ್ತು ದಿನ ಹೊರಗೆ ಬರಬಾರದೆಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿದೆ. 30ನೆಯ ದಿನ ಆ ಕಟ್ಟಳೆಯೊಳಗೇ ಬೀಳುತ್ತದೆ ಎಂಬುದನ್ನು ಗಣಿತ ಬಲ್ಲ ನೀವು ಹಿರಿಯರಿಗೆ ತಿಳಿಸಬಹುದು.

ಇನ್ನು ಏಳು ವಾರಗಳ ಬೆಲೆಯ ಮಾತು. ಪೊರೆಯನ್ನು ಕತ್ತರಿಸಿ ತೆಗೆದರೆ ಕಣ್ಣು ಕಾಣಬೇಕಲ್ಲವೆ? ಇಂದು ತೆಗೆದರೇನು, ಮುಂದಿನ ವರ್ಷ ತೆಗೆದರೇನು? ನಾನೂ ಹಾಗೆಯೆ ಕೇಳಿದೆ. ಕಾಣುವುದು ಕಣ್ಣಲ್ಲ, ಮಿದುಳು ಎಂದರು ವೈದ್ಯೆ. ಅಮೆರಿಕೆಯ ಹಾರ್ವರ್ಡಿನಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ವಾರಗಳ ಮೇಲೆ ಬಿಚ್ಚಿ ನೋಡಿದರು. ಕಣ್ಣು ಸರಿಯಾಗಿಯೇ ಇತ್ತು. ಆದರೆ ಮಿದುಳಿನಲ್ಲಿ ಆ ಕಣ್ಣಿನ ಮಾತನ್ನು ಕೇಳುವ ಕೋಶಗಳು ಇರಲೇ ಇಲ್ಲ. ತೆರೆದಿದ್ದ ಕಣ್ಣು ಅವುಗಳನ್ನೆಲ್ಲ ತನ್ನದಾಗಿಸಿಕೊಂಡಿತ್ತು. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಜಾಗ ಹಂಚಿಕೆ ನಡೆಯುತ್ತದೆ. ಬಾರದವನ ಪಾಲು ಬಂದವನಿಗೆ. ಈ ಸಂಶೋಧನೆಗೆ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಓಡಾಡುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನುಷ್ಯರಲ್ಲಿ ಒಂದು ಕಣ್ಣಿನ ದಾರಿ ಹುಟ್ಟಿನಿಂದಲೇ ಪೂರ್ತಿ ಮುಚ್ಚಿದ್ದರೆ, ಮೊದಲ ಎರಡು ತಿಂಗಳೊಳಗೆ ತೆರೆಯುವುದು ಎಲ್ಲಕ್ಕಿಂತ ಒಳ್ಳೆಯದು. ನನಗೆ ಚಿತ್ರ ತೋರಿಸುವಾಗ ಆ ಕೂಸಿಗೆ ನಾಲ್ಕು ತಿಂಗಳು. ವೈದ್ಯೆಯ ಮುಂದೆ ಕುಳಿತಾಗ ಆರು ತಿಂಗಳ ಸಮೀಪ.

ಇಂತಹ ಮಗು ತನ್ನ ತೊಂದರೆಯನ್ನು ಎಂದೂ ಹೇಳುವುದಿಲ್ಲ. ಒಳ್ಳೆಯ ಕಣ್ಣೊಂದಿರುವುದರಿಂದ ನಗುತ್ತದೆ, ತಾಯಿಯನ್ನು ಗುರುತಿಸುತ್ತದೆ, ಗಿಲಕಿಗೆ ಕೈಚಾಚುತ್ತದೆ. ನೀವು ಆಡಿಸುವಾಗ ಅದರ ಒಂದು ಕಣ್ಣಿಗೆ ನಿಮ್ಮ ಅಂಗೈಯನ್ನು ಅಡ್ಡ ಹಿಡಿಯಿರಿ, ಮುಟ್ಟಬೇಡಿ. ಸುಮ್ಮನಿದ್ದರೆ ಇನ್ನೊಂದಕ್ಕೆ ಹಿಡಿಯಿರಿ. ಒಂದು ಕಡೆ ಸುಮ್ಮನಿದ್ದು, ಇನ್ನೊಂದು ಕಡೆ ಪ್ರತಿ ಸಾರಿಯೂ ತಲೆಯಾಡಿಸಿ, ಅತ್ತು, ಕೈಯನ್ನು ತಳ್ಳಿದರೆ, ತಳ್ಳಿದ್ದು ಯಾವ ಕಣ್ಣಿನ ಕೈ ಎಂದು ನೆನಪಿಟ್ಟುಕೊಂಡು ತಾಯಿಗೆ ಹೇಳಿರಿ. ಒಳ್ಳೆಯ ಕಣ್ಣು ಅದೇ. ಮಂದ ಬೆಳಕಿನ ಕೋಣೆಯಲ್ಲಿ ನೇರವಾಗಿ ತೆಗೆದ ಚಿತ್ರಗಳಲ್ಲಿ ಒಂದೇ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಕಂಡರೆ, ಕಣ್ಣುಗಳು ಗಾತ್ರದಲ್ಲಿ ಹೆಚ್ಚುಕಡಿಮೆಯಾಗಿದ್ದರೆ, ಒಂದು ಕಣ್ಣು ಓರೆಯಾಗಿ ನಿಂತರೆ, ಆ ವಾರವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಸರಕಾರಿ ಆಸ್ಪತ್ರೆಯಾದರೂ ಆಯಿತು. ದೊಡ್ಡವರು ಬೆಕ್ಕಿನ ಕಣ್ಣು ಎಂದರೆ, ಅಥವಾ ಮಾಸ್ತರರು ಕ್ಯಾಮೆರಾದ ದೋಷವೆಂದರೆ, ಇನ್ನೊಮ್ಮೆ ಕೇಳಿರಿ.

ಆ ಹುಡುಗನಿಗೆ ಶಸ್ತ್ರಚಿಕಿತ್ಸೆಯಾಯಿತು. ಮಬ್ಬಾದ ಮಸೂರವನ್ನೂ ಪೊರೆಯನ್ನೂ ತೆಗೆದು, ಧಮನಿಯ ಕಾಂಡವನ್ನು ಕತ್ತರಿಸಿದರು. ಹಿಂದಿನ ಗೋಡೆ ಸುದೈವದಿಂದ ಕೆಟ್ಟಿರಲಿಲ್ಲ. ಮಸೂರವಿಲ್ಲದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬಂತು. ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ತಾಸು ಪಟ್ಟಿ ಅಂಟಿಸುವ ಕೆಲಸ ಮೊದಲಾಯಿತು. ಕಾಣುವ ಕಣ್ಣನ್ನು ಮುಚ್ಚಿ ಕಾಣದ ಕಣ್ಣಿನಿಂದ ನೋಡೆನ್ನುವುದು ಮಗುವಿಗೆ ಹಿಂಸೆಯೇ. ಪಟ್ಟಿಯನ್ನು ಕಿತ್ತು ಒಗೆಯುತ್ತಿದ್ದನು. ಅಜ್ಜಿ ಅವನ ಅಳುವನ್ನು ಸಹಿಸದೆ ತಾನೇ ಬಿಚ್ಚಿಬಿಡುತ್ತಿದ್ದಳು. ಅಕ್ಕ ಮಾತ್ರ ಬಿಡಲಿಲ್ಲ. ಶಾಲೆಯಿಂದ ಹೋದೊಡನೆ ತನ್ನ ಒಂದು ಕಣ್ಣಿಗೂ ಪಟ್ಟಿ ಕಟ್ಟಿಕೊಂಡು ಅವನ ಎದುರಿಗೆ ಕೂರುತ್ತಿದ್ದಳು. ಎಡಗಣ್ಣಿನ ದೃಷ್ಟಿ ಬಲಗಣ್ಣಿನಷ್ಟು ಎಂದೂ ಆಗದು, ಬೇಗ ಬಂದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಎಂದು ವೈದ್ಯೆ ನನಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತನ್ನು ತಾಯಿಗೆ ಕನ್ನಡದಲ್ಲಿ ಹೇಳುವಾಗ, ತಡವಾದುದಕ್ಕೆ ಕಾರಣ ನಾನೂ ಹೌದೆಂದು ಸೇರಿಸಿದೆ. ಆಕೆ, "ನಿಮಗರ ಹ್ಯಾಂಗ ಗೊತ್ತಾಗಬೇಕ್ರಿ ಮಾಸ್ತರ" ಎಂದಳು.

ಕಳೆದ ಸ್ನೇಹಸಮ್ಮೇಳನಕ್ಕೆ ಅವನನ್ನು ಕರೆತಂದಿದ್ದರು. ಬಲಗಣ್ಣಿಗೆ ಪಟ್ಟಿ ಇತ್ತು. ಅಕ್ಕ ಹಸಿರು ಬಣ್ಣದ ಚೆಂಡೊಂದನ್ನು ಸಭಾಗೃಹದ ನೆಲದ ಮೇಲೆ ಉರುಳಿಸಿದಳು. ಅವನು ತಲೆಯನ್ನು ಸ್ವಲ್ಪ ವಾಲಿಸಿ, ನಿಂತು, ನೋಡಿ, ಅದರ ಹಿಂದೆ ಓಡಿದನು.